ಕಣ್ಣು ನೋಡಿ ಮನಸ್ಸು ಓದುವ ತರಬೇತಿ: ಎರಡು ದಿನಗಳ ಅನುಭವ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಯ ಸೂಪರ್‌ವೈಸರ್‌ಗಳಿಗೆ, ಜೊತೆಯಲ್ಲಿ ದುಡಿಯುವವರ ಭಾವನೆಗಳನ್ನು ಗುರುತಿಸಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದನ್ನು ಕಲಿಸಲೆಂದು ಖಾಸಗಿ ಸಂಸ್ಥೆಯೊಂದು ಎರಡು ದಿನಗಳ ತರಬೇತಿ ನಡೆಸಿಕೊಟ್ಟಿತು. ಎರಡನೆಯ ದಿನಕ್ಕೆ ಕೊಟ್ಟ ಹಣ ಸಾರ್ಥಕವಾಯಿತು. ಮೊದಲನೆಯ ದಿನದ ಬಗ್ಗೆ ಹಾಗೆ ಹೇಳಲಾರೆ.

ಮೊದಲ ದಿನ ಬೆಳಗ್ಗೆ ಪರದೆಯ ಮೇಲೆ ಮೂಡಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಹೇಳಿದ ಆರು ಮೂಲಭಾವನೆಗಳು: ಸಂತೋಷ, ದುಃಖ, ಕೋಪ, ಭಯ, ಜುಗುಪ್ಸೆ, ಆಶ್ಚರ್ಯ. ಒಂದೊಂದಕ್ಕೂ ಒಂದೊಂದು ಮುಖ. ಹುಬ್ಬು ಗಂಟಿಕ್ಕಿದ್ದರೆ ಅದು ಕೋಪ ಎಂದು ತರಬೇತುದಾರರು ವಿವರಿಸುತ್ತಿದ್ದಾಗ, ವರ್ನಿಯರ್ ಹಿಡಿದು ಅಳತೆ ಓದುವ ನಮ್ಮ ಆಪರೇಟರ್‌ಗಳೆಲ್ಲ ದಿನವಿಡೀ ಕೋಪದಲ್ಲೇ ಇರಬೇಕಲ್ಲ ಎನ್ನಿಸಿತು. ಮುಖದ ಚಹರೆಯೊಂದನ್ನೇ ನೆಚ್ಚಿಕೊಂಡು ಭಾವನೆಯನ್ನು ಹೇಳಲಾಗದು ಎಂದು ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲೇ ಹಲವಾರು ಅಧ್ಯಯನಗಳನ್ನು ಪರಾಮರ್ಶಿಸಿ ವಾದಿಸಿದ್ದಾರೆ. ಆ ಮಾತು ಇಲ್ಲಿ ಸುಳಿಯಲೇ ಇಲ್ಲ.

ಮಧ್ಯಾಹ್ನ, ಕಣ್ಣು ನೋಡಿ ಭಾವನೆ ಗುರುತಿಸುವ 'ಕಣ್ಣಿನ ಪರೀಕ್ಷೆ'. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು ಆಟಿಸಂ (ಸ್ವಲೀನತೆ) ಕುರಿತ ಸಂಶೋಧನೆಗಾಗಿ ರೂಪಿಸಿ 2001ರಲ್ಲಿ ಪರಿಷ್ಕರಿಸಿದ ಈ ಪರೀಕ್ಷೆಯಲ್ಲಿ 36 ಚಿತ್ರಗಳಿವೆ. ಪ್ರತಿಯೊಂದರಲ್ಲೂ ಕಾಣುವುದು ಕಣ್ಣಿನ ಭಾಗ ಮಾತ್ರ, ಸುತ್ತಲೂ ಕೊಟ್ಟಿರುವ ನಾಲ್ಕು ಪದಗಳಲ್ಲಿ ಒಪ್ಪುವುದನ್ನು ಆರಿಸಬೇಕು. ನಮಗೆ ಕೊಟ್ಟ ಪದಗಳೆಲ್ಲ ಇಂಗ್ಲಿಷಿನವು: 'ಅಘಾಸ್ಟ್', 'ಡೆಸ್ಪಾಂಡೆಂಟ್' ಇತ್ಯಾದಿ. ಮೂಲ ಪರೀಕ್ಷೆಯೊಂದಿಗೆ ಇರುವ ಪದಗಳ ಅರ್ಥ ವಿವರಿಸುವ ಹಾಳೆಯನ್ನು ನಮಗೆ ಹಂಚಲೇ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಇಪ್ಪತ್ತು ವರ್ಷ ಲೇತ್ ವಿಭಾಗವನ್ನು ನೋಡಿಕೊಂಡ ಹಿರಿಯರೊಬ್ಬರು ಒಂದು ಚಿತ್ರ ಕಂಡೊಡನೆ "ಪಾಪ, ಏನೋ ಕಳಕೊಂಡು ಕೂತಂಗಿದೆ" ಎಂದರು. ಸರಿಯಾಗಿಯೇ ಓದಿದ್ದರು, ಅದಕ್ಕೆ ಹೊಂದುವ ಪದ ಯಾವುದೆಂದು ತಿಳಿಯದೆ ಅಂಕ ಹೋಯಿತು.

ಎರಡನೆಯ ದಿನ ಬಂದ ತರಬೇತುದಾರರು ಬೇರೆ, ಮಾತು ಪೂರ್ತಿ ಕನ್ನಡದಲ್ಲಿ. ನಮ್ಮ ಶಾಪ್ ಫ್ಲೋರಿನಲ್ಲಿ ದಿನವೂ ಕೇಳುವ "ನೋಡೋಣ ಸಾರ್", "ಪರವಾಗಿಲ್ಲ ಬಿಡಿ", "ಏನಿಲ್ಲ ಸಾರ್" ಎಂಬ ಮೂರು ಮಾತುಗಳನ್ನು ಹಲಗೆಯ ಮೇಲೆ ಬರೆದು, ಯಾರು, ಯಾರೆದುರು, ಯಾವಾಗ ಹೇಳಿದರೆ ಇವುಗಳ ಅರ್ಥ ಹೇಗೆ ತಿರುಗುತ್ತದೆ ಎಂದು ನಮ್ಮಿಂದಲೇ ಹೇಳಿಸಿದರು. ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಸನ್ನಿವೇಶಗಳನ್ನು ಆಡಿಸಿದರು. ರಿಜೆಕ್ಷನ್ (ತಪಾಸಣೆಯಲ್ಲಿ ತಿರಸ್ಕೃತವಾಗುವ ಮಾಲು) ಏರಿದ ಆಪರೇಟರ್ ಆಗಿ ನಾನು ಕೂತಾಗ, ಎದುರಿಗಿದ್ದವರು "ಏನ್ರೀ ನಿಮ್ಮ ಸಮಸ್ಯೆ?" ಎಂದೊಡನೆ ನನ್ನ ಬಾಯಿಂದ ತಾನಾಗಿ "ಏನಿಲ್ಲ ಸಾರ್" ಬಂತು. ಮತ್ತೆ ಆಡಿಸಿದಾಗ ಅದೇ ವ್ಯಕ್ತಿ, "ಮೂರು ದಿನದಿಂದ ಊಟಕ್ಕೆ ಒಬ್ಬರೇ ಕೂರ್ತಿದ್ದೀರಿ" ಎಂದಷ್ಟೇ ಹೇಳಿ ಸುಮ್ಮನಾದರು. ಆಟವೆಂದು ತಿಳಿದಿದ್ದರೂ ಮಾತಾಡಿಬಿಟ್ಟೆ.

ಇಂಥ ಅಭ್ಯಾಸಕ್ಕೆ ಅರ್ಧ ದಿನ ಮಾತ್ರ ಸಿಕ್ಕಿದ್ದು ದೊಡ್ಡ ಕೊರತೆ. ಸಹೋದ್ಯೋಗಿಗಳನ್ನು ಕಳಿಸುವವರು ಎರಡೂ ದಿನ ಅಭ್ಯಾಸಕ್ಕೇ ಮೀಸಲಾಗಲಿ, ಅದೂ ಕನ್ನಡದಲ್ಲೇ ನಡೆಯಲಿ ಎಂದು ಮೊದಲೇ ಕೇಳಿಕೊಳ್ಳುವುದು ಒಳಿತು. ಪರೀಕ್ಷೆಯ ಅಂಕಗಳನ್ನು ಎಲ್ಲೂ ದಾಖಲಿಸಕೂಡದು ಎಂಬ ಇನ್ನೊಂದು ಮಾತನ್ನು ಲಿಖಿತವಾಗಿಯೇ ಒಪ್ಪಿಸಿಕೊಳ್ಳಬೇಕು. ನಮಗೆ ಕೊಟ್ಟ ಪ್ರಮಾಣಪತ್ರದಲ್ಲಿ ಕಣ್ಣಿನ ಪರೀಕ್ಷೆಯ ಅಂಕಗಳು ಅಚ್ಚಾಗಿವೆ, ಪ್ರತಿ ಎಚ್.ಆರ್. ಕಡತಕ್ಕೂ ಸೇರಿದೆ, ಲೇತ್ ವಿಭಾಗದ ಆ ಹಿರಿಯರ ಹೆಸರು ಅಂಕಗಳ ಪಟ್ಟಿಯಲ್ಲಿ ಕೊನೆಯದು.