ಜೀವಂತ ವ್ಯಕ್ತಿಗಳ ಮೇಲೆ ಫ್ಯಾನ್ ಫಿಕ್ಷನ್: ಎಒ3 ಎಲ್ಲಿ ಕೈಹಿಡಿಯುತ್ತೆ, ಎಲ್ಲಿ ಕೈಬಿಡುತ್ತೆ

ಸಿನಿಮಾ, ಸೀರಿಯಲ್, ಕಾದಂಬರಿಗಳ ಪಾತ್ರ ಇಟ್ಟುಕೊಂಡು ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿ ಕಥೆ, ಬರೆಯುವವರಿಗೆ ಆನ್‌ಲೈನ್‌ನಲ್ಲಿ ಜಾಗ ಬೇಕಾದಷ್ಟಿದೆ. ನಟರು, ಗಾಯಕರು, ಕ್ರಿಕೆಟಿಗರು ಹೀಗೆ ನಿಜವಾಗಿ ಬದುಕಿರುವವರನ್ನೇ ಪಾತ್ರ ಮಾಡಿಕೊಂಡು ಬರೆಯುವ ಆರ್‌ಪಿಎಫ್‌ಗೆ (ರಿಯಲ್ ಪರ್ಸನ್ ಫಿಕ್ಷನ್) ಮಾತ್ರ ಬಾಗಿಲು ಕಡಿಮೆ. 1998ರಲ್ಲಿ ಶುರುವಾದ ಫ್ಯಾನ್‌ಫಿಕ್ಷನ್ ಡಾಟ್ ನೆಟ್ 2002ರಲ್ಲೇ ಇಂಥ ಕಥೆಗಳನ್ನು ಹೊರಹಾಕಿತು. ಐತಿಹಾಸಿಕ ವ್ಯಕ್ತಿಗಳಿಗಷ್ಟೇ ಅಲ್ಲಿ ರಿಯಾಯಿತಿ. ಕಥೆ ಹಂಚುವ ಇನ್ನೊಂದು ಸೈಟು ವಾಟ್‌ಪ್ಯಾಡ್ ಒಳಗೆ ಬಿಡುತ್ತದೆ, ಆದರೆ ಅಲ್ಲಿನ ವ್ಯವಸ್ಥೆಯೇ ಬೇರೆ, ಅದಕ್ಕೆ ಆಮೇಲೆ ಬರೋಣ. ಉಳಿಯುವುದು ಆರ್ಕೈವ್ ಆಫ್ ಅವರ್ ಓನ್ ಎಂಬ ಅಭಿಮಾನಿ ಕಥೆಗಳ ಸೈಟು, ಎಲ್ಲರ ಬಾಯಲ್ಲಿ ಎಒ3. 2007ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ ಆರ್ಗನೈಸೇಶನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್ ಇದನ್ನು 2009ರ ನವೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಜಾಹೀರಾತಿಲ್ಲ, ಶುಲ್ಕವಿಲ್ಲ, ದೇಣಿಗೆ ಮತ್ತು ಸ್ವಯಂಸೇವಕರ ಮೇಲೆ ನಡೆಯುತ್ತದೆ. 2019ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿಯೂ ಬಂತು.

ಈ ವಿಮರ್ಶೆ ಎಒ3ಯನ್ನು ಆರ್‌ಪಿಎಫ್ ಬರೆಯುವವರ ಕಣ್ಣಿಂದ ಮಾತ್ರ ನೋಡುತ್ತದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕಥೆಯನ್ನು ಅದರ ವಸ್ತುವಾದ ಮನುಷ್ಯನ ಕಣ್ಣಿಗೆ ಬೀಳದಂತೆ ಇಡಲು ಬೇಕಾದ ಸಲಕರಣೆ ಇಷ್ಟು ಚೆನ್ನಾಗಿ ಇನ್ನೆಲ್ಲೂ ಇಲ್ಲ. ಆದರೆ ಆ ಸಲಕರಣೆಗಳಲ್ಲಿ ಒಂದೂ ತಾನಾಗಿ ಆನ್ ಆಗಿರುವುದಿಲ್ಲ, ಏನು ಬರೆಯಬೇಕು ಏನು ಬಿಡಬೇಕು ಅನ್ನುವುದರಲ್ಲಿ ಸೈಟು ಬಾಯಿ ಹಾಕುವುದೂ ಇಲ್ಲ.

ಖಾತೆಯಿಂದ ಶುರು ಮಾಡೋಣ. ಎಒ3ಯಲ್ಲಿ ಇನ್ವಿಟೇಶನ್ ಬೇಕು, ಇಮೇಲ್ ಕೊಟ್ಟು ಸರದಿಯಲ್ಲಿ ಕಾಯಬೇಕು. ಹೆಸರು ಇಟ್ಟುಕೊಳ್ಳುವಾಗಲೇ ಹೊಸಬರು ಎಡವುತ್ತಾರೆ. ‘ಸ್ಯೂಡ್’ ಅಂತ ಒಂದು ಸೌಲಭ್ಯವಿದೆ, ಒಂದೇ ಖಾತೆಯಡಿ ಬೇರೆ ಬೇರೆ ಅಂಕಿತನಾಮ. ಇದರಿಂದ ಗುರುತು ಮುಚ್ಚುತ್ತದೆ ಅಂದುಕೊಂಡು ಹಲವರು ಅದರಲ್ಲೇ ಆರ್‌ಪಿಎಫ್ ಹಾಕುತ್ತಾರೆ. ಮುಚ್ಚುವುದಿಲ್ಲ. ಸ್ಯೂಡ್ ಪಕ್ಕದಲ್ಲೇ ಆವರಣದೊಳಗೆ ಮೂಲ ಯೂಸರ್‌ನೇಮ್ ಕಾಣುತ್ತದೆ, ಲಿಂಕಿನಲ್ಲೂ ಇರುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಬಳಸುವ ಹೆಸರೇ ಇಲ್ಲೂ ಇದ್ದರೆ ನಿಮ್ಮನ್ನು ಹುಡುಕಲು ಅರ್ಧ ನಿಮಿಷ ಸಾಕು. ಬೇರೆ ಇಮೇಲ್, ಬೇರೆ ಯೂಸರ್‌ನೇಮ್, ಬೇರೆ ಖಾತೆ, ಇದೊಂದೇ ದಾರಿ.

ಇನ್ನು ಕಥೆ ಹಾಕುವ ಫಾರ್ಮ್. ಇದೇ ಈ ಸೇವೆಯ ಜೀವಾಳ, ನಿಧಾನವಾಗಿ ನೋಡಬೇಕು.

ಮೊದಲು ರೇಟಿಂಗ್, ಆಮೇಲೆ ವಾರ್ನಿಂಗ್. ಗಂಭೀರ ಹಿಂಸೆ, ಮುಖ್ಯ ಪಾತ್ರದ ಸಾವು, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ, ಈ ನಾಲ್ಕಕ್ಕೆ ಎಚ್ಚರಿಕೆ ಹಾಕಲೇಬೇಕು, ಇಲ್ಲವೇ ‘ಎಚ್ಚರಿಕೆ ಹೇಳುವುದಿಲ್ಲ’ ಎಂಬ ಆಯ್ಕೆ ಒತ್ತಬೇಕು. ಕಾಲ್ಪನಿಕ ಪಾತ್ರಗಳಿಗೆ ಈ ಜಾರುದಾರಿ ನಡೆಯುತ್ತದೆ. ಆರ್‌ಪಿಎಫ್‌ನಲ್ಲಿ ಅದನ್ನು ಬಳಸಬೇಡಿ. ತಾನು ಮೆಚ್ಚಿದ ಗಾಯಕ ಸಾಯುವ ಕಥೆಯನ್ನು ಗೊತ್ತಿಲ್ಲದೆ ತೆರೆದವರ ಸಿಟ್ಟು ಕಮೆಂಟಿನಲ್ಲಿ ನಿಲ್ಲುವುದಿಲ್ಲ, ಸ್ಕ್ರೀನ್‌ಶಾಟ್ ಆಗಿ ಊರೆಲ್ಲ ಸುತ್ತುತ್ತದೆ. ನಿಜವಾದ ಅಪ್ರಾಪ್ತರ ಬಗ್ಗೆ ಲೈಂಗಿಕ ಕಥೆಯನ್ನಂತೂ ಬರೆಯಲೇಬಾರದು, ಟ್ಯಾಗ್ ಹಾಕಿದರೆ ಅದು ಸರಿಹೋಗುವುದಿಲ್ಲ.

ಕಥೆ ಯಾವ ಅಭಿಮಾನಿ ಬಳಗದ್ದು ಎಂದು ಹೇಳುವ ಫ್ಯಾಂಡಮ್ ಖಾನೆಯಲ್ಲಿ ಆಗುವ ತಪ್ಪು ಇನ್ನೂ ಸಾಮಾನ್ಯ. ನಟನೂ ಅವನು ಮಾಡಿದ ಪಾತ್ರವೂ ಇಲ್ಲಿ ಬೇರೆ ಬೇರೆ ಟ್ಯಾಗ್. ಕಥೆ ನಟರ ಬಗ್ಗೆ ಇದ್ದರೆ ಆರ್‌ಪಿಎಫ್ ಅಂತ ಕೊನೆಯಾಗುವ ಫ್ಯಾಂಡಮ್ ಟ್ಯಾಗ್ ಹಾಕಬೇಕು. ಕ್ರಿಕೆಟಿಗರಿಗೆ ಕ್ರಿಕೆಟ್ ಆರ್‌ಪಿಎಫ್ ಅಂತಲೇ ಒಂದಿದೆ. ಹೆಚ್ಚು ಓದುಗರು ಸಿಗಲಿ ಅಂತ ಸೀರೀಸ್‌ನ ಟ್ಯಾಗನ್ನೂ ಸೇರಿಸಿದರೆ, ಪಾತ್ರದ ಕಥೆ ಹುಡುಕಿ ಬಂದವರ ಎದುರು ನಟನ ಮಲಗುವ ಕೋಣೆ ತೆರೆದುಕೊಳ್ಳುತ್ತದೆ. ಆರ್‌ಪಿಎಫ್ ಅಂದರೆ ಆಗದವರು ಫಿಲ್ಟರ್‌ನಲ್ಲಿ ಅದನ್ನು ಹೊರಗಿಡುವುದು ಟ್ಯಾಗ್ ನಂಬಿಕೊಂಡೇ. ಸಂಬಂಧದ ಖಾನೆಯಲ್ಲಿ ಎರಡು ಹೆಸರಿನ ನಡುವೆ ಓರೆಗೆರೆ (/) ಇದ್ದರೆ ಪ್ರೇಮ ಅಥವಾ ಕಾಮ, ಆಂಪರ್‌ಸ್ಯಾಂಡ್ (&) ಇದ್ದರೆ ಸ್ನೇಹ, ಸೋದರಿಕೆ. ಒಂದೇ ಬ್ಯಾಂಡಿನ ಇಬ್ಬರ ಸ್ನೇಹದ ಕಥೆಗೆ ಓರೆಗೆರೆ ಹಾಕಿದರೆ ಅರ್ಥವೇ ಅಡಿಮೇಲು. ಒಟ್ಟು 75 ಟ್ಯಾಗ್‌ಗಳ ಮಿತಿಯಿದೆ. ಅದರ ಹತ್ತಿರ ಹೋಗಬೇಕಾದ ಅಗತ್ಯ ಯಾವ ಕಥೆಗೂ ಇಲ್ಲ.

ಫಾರ್ಮಿನ ಕೆಳಗಡೆ ಇರುವ ಒಂದು ಚಿಕ್ಕ ಚೌಕ ಆರ್‌ಪಿಎಫ್ ಬರೆಯುವವರಿಗೆ ಉಳಿದೆಲ್ಲಕ್ಕಿಂತ ಮುಖ್ಯ: ‘ಓನ್ಲಿ ಶೋ ಯುವರ್ ವರ್ಕ್ ಟು ರಿಜಿಸ್ಟರ್ಡ್ ಯೂಸರ್ಸ್’. ಟಿಕ್ ಮಾಡಿದರೆ ಕಥೆಗೆ ಬೀಗ ಬೀಳುತ್ತದೆ, ಲಾಗಿನ್ ಆಗದವರಿಗೆ ಕಾಣುವುದಿಲ್ಲ. ನಟನ ಹೆಸರು ಗೂಗಲ್ ಮಾಡುವ ಅವರ ಮನೆಯವರಿಗಾಗಲಿ, ಸುದ್ದಿ ಹೆಕ್ಕುವ ವೆಬ್‌ಸೈಟಿಗಾಗಲಿ ಸಿಗುವುದಿಲ್ಲ. 2025ರಲ್ಲಿ ಎಒ3ಯ ಸುಮಾರು 1.26 ಕೋಟಿ ಕಥೆಗಳನ್ನು ಯಾರೋ ಗುಡಿಸಿಕೊಂಡು ಎಐ ತರಬೇತಿಯ ಡೇಟಾಸೆಟ್ ಆಗಿ ಅಪ್‌ಲೋಡ್ ಮಾಡಿದಾಗ ಅದಕ್ಕೆ ಸಿಕ್ಕಿದ್ದು ತೆರೆದಿದ್ದ ಕಥೆಗಳು, ಬೀಗ ಹಾಕಿದವು ಬಚಾವಾದವು. ಬೀಗ ಹಾಕಿದರೆ ಹಿಟ್ಸ್ (ತೆರೆದವರ ಲೆಕ್ಕ), ಕುಡೋಸ್ (ಲೈಕ್‌ನಂಥ ಮೆಚ್ಚುಗೆ) ಕಡಿಮೆಯಾಗುತ್ತವೆ, ಅದು ನಿಜ. ಆ ಬೆಲೆ ಕೊಡಲು ಮನಸ್ಸಿಲ್ಲದಿದ್ದರೆ ಕನಿಷ್ಠ ಪ್ರಿಫರೆನ್ಸಸ್‌ಗೆ ಹೋಗಿ ಸರ್ಚ್ ಎಂಜಿನ್‌ಗಳಿಂದ ಮರೆಮಾಡುವ ಆಯ್ಕೆಯನ್ನಾದರೂ ಆನ್ ಮಾಡಿ. ಅದು ವಿನಂತಿ ಮಾತ್ರ, ಎಲ್ಲ ಎಂಜಿನ್‌ಗಳೂ ಪಾಲಿಸಬೇಕೆಂದೇನಿಲ್ಲ. ನಮ್ಮ ಪ್ರಕಾರ ಆರ್‌ಪಿಎಫ್ ಟ್ಯಾಗ್ ಇರುವ ಕಥೆಗೆ ಈ ಬೀಗ ತಾನಾಗಿಯೇ ಬೀಳಬೇಕಿತ್ತು. ಎಒ3ಗೆ ಒಂದಂಕ ಕಳೆಯುವುದು ಇಲ್ಲೇ.

ಇನ್ನು ಗಿಫ್ಟ್ ಖಾನೆ. ಕಥೆಯನ್ನು ಯಾರಿಗಾದರೂ ಅರ್ಪಿಸಲು ಇರುವ ಜಾಗ. ಕಥೆಯಲ್ಲಿರುವ ವ್ಯಕ್ತಿಗೇ ಅದನ್ನು ಗಿಫ್ಟ್ ಮಾಡಬೇಡಿ. ಆರ್‌ಪಿಎಫ್ ಬರೆಯುವುದೇ ಕಿರುಕುಳ ಅಂತ ಎಒ3 ಎಣಿಸುವುದಿಲ್ಲ, ಆದರೆ ಹಾನಿ ಮಾಡುವ ಕಥೆಯನ್ನು ಆ ವ್ಯಕ್ತಿಯೇ ನೋಡಲೆಂದು ಬೇಕಂತ ಕಣ್ಣೆದುರು ಇಟ್ಟರೆ ಕಿರುಕುಳ ಅಂತ ಪರಿಗಣಿಸಬಹುದು. ಗೆರೆ ಎಳೆದಿರುವ ಜಾಗ ಸರಿಯಾಗಿದೆ. ಟ್ವಿಟ್ಟರ್‌ನಲ್ಲಿ ನಟನನ್ನು ಟ್ಯಾಗ್ ಮಾಡಿ ಲಿಂಕ್ ಹಾಕುವುದು, ಸಂದರ್ಶನದಲ್ಲಿ ಕಥೆಯ ಸಾಲು ಓದಿಸಿ ನಗುವುದು ಎಒ3ಯ ಹೊರಗೆ ನಡೆಯುವ ಸಂಗತಿ, ಅದನ್ನು ಅವರು ತಡೆಯಲಾರರು. ಒನ್ ಡೈರೆಕ್ಷನ್ ಬ್ಯಾಂಡಿನ ಲೂಯಿ ಟಾಮ್ಲಿನ್ಸನ್ ಮತ್ತು ಹ್ಯಾರಿ ಸ್ಟೈಲ್ಸ್‌ರನ್ನು ಜೋಡಿ ಮಾಡಿದ ಅಭಿಮಾನಿ ಕಥೆಗಳು ವರ್ಷಾನುಗಟ್ಟಲೆ ಅವರ ಕಿವಿಗೇ ಬಿದ್ದವು. 2019ರಲ್ಲಿ ಅಮೆರಿಕದ ಒಂದು ಟೀವಿ ಸರಣಿ ಅಂಥ ಕಥೆಯೊಂದರ ದೃಶ್ಯವನ್ನು ಅನಿಮೇಶನ್ ಆಗಿ ತೋರಿಸಿದಾಗ, ತನ್ನನ್ನು ಯಾರೂ ಕೇಳಿರಲಿಲ್ಲ, ತಾನು ಒಪ್ಪಿಯೂ ಇರಲಿಲ್ಲ ಎಂದು ಲೂಯಿ ಬಹಿರಂಗವಾಗಿಯೇ ಹೇಳಬೇಕಾಯಿತು.

ಹೊರಗೆ ಸೋರಿದರೆ ಏನಾಗುತ್ತದೆ ಅನ್ನುವುದಕ್ಕೆ ಚೀನಾಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ನಟರಾದ ಶಿಯಾವೊ ಝಾನ್ ಮತ್ತು ವಾಂಗ್ ಯಿಬೊ ಜೋಡಿಯ ಮೇಲೆ ಎಒ3ಯಲ್ಲಿದ್ದ ಒಂದು ಕಥೆಯ ಲಿಂಕ್ ಅಲ್ಲಿನ ಸಾಮಾಜಿಕ ಜಾಲತಾಣ ವೈಬೊದಲ್ಲಿ ಹರಿದಾಡಿತು. ಕಥೆಯಲ್ಲಿ ತಮ್ಮ ನಟನನ್ನು ತೋರಿಸಿದ ರೀತಿಗೆ ಶಿಯಾವೊ ಝಾನ್ ಅಭಿಮಾನಿಗಳ ಒಂದು ಗುಂಪು ರೊಚ್ಚಿಗೆದ್ದು ಅಧಿಕಾರಿಗಳಿಗೆ ಸಾಮೂಹಿಕವಾಗಿ ದೂರು ಕೊಟ್ಟಿತು. 2020ರ ಫೆಬ್ರವರಿ 29ರಿಂದ ಚೀನಾದಲ್ಲಿ ಎಒ3 ತೆರೆಯದಾಯಿತು. ಸೈಟು ಕಳೆದುಕೊಂಡವರು ತಿರುಗಿ ಆ ನಟ ಪ್ರಚಾರ ಮಾಡುತ್ತಿದ್ದ ಬ್ರ್ಯಾಂಡುಗಳ ಬಹಿಷ್ಕಾರಕ್ಕೆ ಇಳಿದರು. ಕಥೆ ಬರೆದದ್ದೂ ಅವನಲ್ಲ, ದೂರು ಕೊಟ್ಟದ್ದೂ ಅವನಲ್ಲ, ಹೊಡೆತ ತಿಂದವನು ಮಾತ್ರ ಅವನೇ. ದಕ್ಷಿಣ ಕೊರಿಯಾದಲ್ಲಿ 2021ರ ಜನವರಿಯಲ್ಲಿ ಐಡಲ್‌ಗಳ (ಪಾಪ್ ತಾರೆಯರ) ಮೇಲೆ ಲೈಂಗಿಕ ಕಥೆ ಬರೆಯುವವರಿಗೆ ಶಿಕ್ಷೆಯಾಗಲಿ ಎಂಬ ಮನವಿಗೆ ಎರಡು ಲಕ್ಷಕ್ಕೂ ಮಿಕ್ಕಿ ಸಹಿ ಬಿದ್ದವು. ಬೆಂಗಳೂರಿನಲ್ಲಿ ಕೂತು ಅಲ್ಲಿನ ಬಿಟಿಎಸ್ ಬ್ಯಾಂಡಿನ ಮೇಲೆ ಬರೆಯುವವರೂ ಇದನ್ನು ನೆನಪಿಡಬೇಕು.

ಬರವಣಿಗೆಯ ಆಯ್ಕೆಗಳಿಗೆ ಬಂದರೆ ಎಒ3 ಕೊಡುವ ಒಂದು ಸೌಲಭ್ಯದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ವರ್ಕ್ ಸ್ಕಿನ್ ಅಂತ ಇದೆ. ಪುಟದ ರೂಪ ಬದಲಿಸುವ ಸಿಎಸ್‌ಎಸ್ ಕೋಡ್ ಸ್ವಲ್ಪ ಬರೆದರೆ ಕಥೆಯೊಳಗೆ ಟ್ವೀಟ್, ಚಾಟ್, ಸುದ್ದಿ ತಲೆಬರಹ ಎಲ್ಲ ಥೇಟ್ ಅಸಲಿಯಂತೆ ಮೂಡುತ್ತವೆ. ಓದಲು ಮಜಾ. ಆದರೆ ನಿಜವಾದ ನಟನ ನಿಜವಾದ ಹ್ಯಾಂಡಲ್ ಹಾಕಿ ಮಾಡಿದ ಸುಳ್ಳು ಟ್ವೀಟಿನ ಸ್ಕ್ರೀನ್‌ಶಾಟ್ ವಾಟ್ಸಾಪ್‌ಗೆ ಬಿದ್ದರೆ ನಿಮ್ಮ ‘ಇದು ಕಲ್ಪನೆ’ ಎಂಬ ಟಿಪ್ಪಣಿ ಅದರ ಜೊತೆ ಹೋಗುವುದಿಲ್ಲ. ಜಾತಿ, ಭಾಷೆ, ರಾಜಕೀಯದ ಮಾತು ಅದರಲ್ಲಿದ್ದರಂತೂ ಕೇಳುವುದೇ ಬೇಡ. ಮಾಡಲೇಬೇಕಿದ್ದರೆ ಇಲ್ಲದ ಆ್ಯಪಿನ ಹೆಸರಿಡಿ, ಇಲ್ಲದ ಹ್ಯಾಂಡಲ್ ಇಡಿ, ಬಣ್ಣ ಬೇರೆ ಮಾಡಿ.

ನಿಜ ಬದುಕಿಗೆ ಕಥೆ ಎಷ್ಟು ಹತ್ತಿರ ಇರಬೇಕು ಅನ್ನುವುದೇ ಆರ್‌ಪಿಎಫ್‌ನ ಮೂಲ ಪ್ರಶ್ನೆ. ಇಬ್ಬರು ಗಾಯಕರನ್ನು ಬಾಹ್ಯಾಕಾಶ ನೌಕೆಗೋ ಮಲೆನಾಡಿನ ಕಾಫಿ ತೋಟಕ್ಕೋ ಕಳಿಸಿದರೆ, ಅಂದರೆ ಎಯು (ಆಲ್ಟರ್ನೇಟ್ ಯೂನಿವರ್ಸ್, ಬೇರೆಯೇ ಲೋಕದ ಕಥೆ) ಬರೆದರೆ, ಯಾರೂ ಅದನ್ನು ಸುದ್ದಿ ಅಂದುಕೊಳ್ಳುವುದಿಲ್ಲ. ಅದೇ ಇಬ್ಬರನ್ನು ಕಳೆದ ತಿಂಗಳು ನಿಜವಾಗಿ ನಡೆದ ಪ್ರವಾಸದ ಹೋಟೆಲಿನಲ್ಲಿ, ತಾರೀಖು ಸಮೇತ ಕೂರಿಸಿದರೆ ಕಥೆ ಗಾಳಿಸುದ್ದಿಯ ಪಕ್ಕ ಬಂದು ನಿಲ್ಲುತ್ತದೆ. ಸಂದರ್ಶನ, ವೇದಿಕೆ, ಪಂದ್ಯ, ಅವರೇ ಹಾಕಿದ ಪೋಸ್ಟ್, ಇಷ್ಟರಿಂದ ವಿವರ ಹೆಕ್ಕಿ. ಸೋರಿದ ಫೋಟೋ, ಆಸ್ಪತ್ರೆ, ಮನೆಯ ಬೀದಿ, ಕೋರ್ಟಿನಲ್ಲಿ ನಡೆಯುತ್ತಿರುವ ಕೇಸು ಬೇಡ.

ಹೆಂಡತಿ, ಗಂಡ, ಗೆಳತಿಯರ ವಿಷಯದಲ್ಲಿ ಆರ್‌ಪಿಎಫ್ ಬರಹಗಾರರು ಮಾಡುವಷ್ಟು ಅನ್ಯಾಯ ಬೇರಾವ ವಿಷಯದಲ್ಲೂ ಮಾಡುವುದಿಲ್ಲ. ನಾಯಕರಿಬ್ಬರು ಒಂದಾಗಬೇಕು, ಅಡ್ಡಿ ಒಬ್ಬಳು ಇದ್ದಾಳೆ, ಸರಿ, ಅವಳನ್ನು ಗಯ್ಯಾಳಿ ಮಾಡು, ಮೋಸಗಾತಿ ಮಾಡು, ಇಲ್ಲವೇ ಕಾರು ಅಪಘಾತದಲ್ಲಿ ಮುಗಿಸು. ಕಥೆಯಾಗಿಯೂ ಇದು ಸೋಮಾರಿತನ. ತಾರೆಯಂತೆ ಸಾರ್ವಜನಿಕ ಬದುಕು ಆರಿಸಿಕೊಳ್ಳದ ಹೆಣ್ಣುಮಗಳೊಬ್ಬಳ ನಿಜವಾದ ಹೆಸರಿಗೆ ಮಸಿ ಬಳಿದ ಹಾಗೂ ಆಯಿತು. ಆ ವ್ಯಕ್ತಿ ಇಲ್ಲದ ಲೋಕವನ್ನೇ ಕಟ್ಟಿ, ಅಥವಾ ಪೂರ್ತಿ ಕಾಲ್ಪನಿಕ ಹೆಸರಿನ ಪಾತ್ರ ತನ್ನಿ. ಮಕ್ಕಳನ್ನು ಕಥೆಗೆ ತರಲೇಬೇಡಿ.

ಭಾರತದಿಂದ ಬರೆಯುವವರಿಗೆ ಕಾನೂನಿನ ಮಾತೂ ಇದೆ, ಎಒ3 ಅದರ ಹೊಣೆ ಹೊರುವುದಿಲ್ಲ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಐಟಿ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಅಶ್ಲೀಲ ಬರಹವನ್ನು ವಿದ್ಯುನ್ಮಾನ ರೂಪದಲ್ಲಿ ಪ್ರಕಟಿಸಿದರೆ ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ‘ಇದು ಕಲ್ಪನೆ’ ಎಂದು ಬರೆದಿರುವುದು ನಿಮ್ಮ ಉದ್ದೇಶ ತೋರಿಸಲು ಸಹಾಯವಾದೀತು, ರಕ್ಷಾಕವಚವಲ್ಲ. ದುಡ್ಡು ಬಂದರೆ ಅಪಾಯ ಇನ್ನೂ ಹೆಚ್ಚು. 2022ರಲ್ಲಿ ಅಮಿತಾಭ್ ಬಚ್ಚನ್, 2023ರಲ್ಲಿ ಅನಿಲ್ ಕಪೂರ್ ದೆಹಲಿ ಹೈಕೋರ್ಟಿನಿಂದ ತಂದ ಆದೇಶಗಳು ಹೆಸರು, ದನಿ, ಚಹರೆಯನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವವರ ಮೇಲೆಯೇ. ಎಒ3ಯಲ್ಲಿ ಪೇಟ್ರಿಯಾನ್, ಕೋ-ಫಿಯಂಥ ದುಡ್ಡು ಕೇಳುವ ಲಿಂಕ್ ಹಾಕುವಂತಿಲ್ಲ ಎಂಬ ನಿಯಮ ಹಲವರಿಗೆ ಕಿರಿಕಿರಿ. ಆರ್‌ಪಿಎಫ್ ಬರೆಯುವವರು ಅದಕ್ಕೆ ಕೈಮುಗಿಯಬೇಕು.

ಸತ್ತವರ ಮೇಲೆ ಬರೆದರೆ ನಿಶ್ಚಿಂತೆ ಅನ್ನುವಂತೆಯೂ ಇಲ್ಲ. ಮನೆಯವರ ಮನಸ್ಸು ನೋಯಿಸುವ ಉದ್ದೇಶವಿದ್ದರೆ ಸತ್ತವರ ಮಾನಹಾನಿಯೂ ಅಪರಾಧವೇ. ಮಾನಹಾನಿಯ ಕೇಸಲ್ಲದಿದ್ದರೂ ಕನ್ನಡದವರಿಗೆ ಹತ್ತಿರದ ನೆನಪೊಂದಿದೆ: 12ನೇ ಶತಮಾನದ ಶರಣರ ಬದುಕನ್ನು ಕಾದಂಬರಿಯಾಗಿಸಿದ ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ವನ್ನು ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ವಾಟ್‌ಪ್ಯಾಡ್ ಜೊತೆ ಹೋಲಿಸುವುದಾದರೆ, ಅಲ್ಲಿ ಪ್ಯಾರಾ ಪ್ಯಾರಾಗೂ ಕಮೆಂಟ್, ವೋಟು, ಉಚಿತ ಬಳಕೆಗೆ ಜಾಹೀರಾತು. ಜನ ಬೇಗ ಸೇರುತ್ತಾರೆ. ಹ್ಯಾರಿ ಸ್ಟೈಲ್ಸ್ ಮೇಲೆ ಆ್ಯನಾ ಟಾಡ್ 2013ರಲ್ಲಿ ಅಲ್ಲಿ ಶುರು ಮಾಡಿದ ಕಥೆ ಮರುವರ್ಷ ಹೆಸರು ಬದಲಿಸಿಕೊಂಡು ಪುಸ್ತಕವಾಯಿತು, 2019ರಲ್ಲಿ ಸಿನಿಮಾ. ನಿಮ್ಮ ಕಣ್ಣು ಅತ್ತ ಇದ್ದರೆ ವಾಟ್‌ಪ್ಯಾಡ್ ಸರಿ. ಆದರೆ ಹೆಸರು ಬದಲಿಸಿದರೆ ಸಾಲದು. ಹಚ್ಚೆ, ಊರು, ಬ್ಯಾಂಡಿನ ಸದಸ್ಯರ ಸಂಖ್ಯೆ, ಜನಪ್ರಿಯ ಸಂದರ್ಶನದ ಮಾತು, ಓದುಗರಿಗೆ ಗುರುತು ಸಿಗುವ ಇಂಥವನ್ನೆಲ್ಲ ಒಂದೊಂದಾಗಿ ತೆಗೆಯಬೇಕು. ತೆಗೆದ ಮೇಲೆ ಕಥೆ ನಿಲ್ಲದಿದ್ದರೆ ಅದಕ್ಕೆ ಸ್ವಂತ ಕಾಲು ಇರಲಿಲ್ಲ ಅಂತಲೇ ಲೆಕ್ಕ. ಎಒ3ಯಲ್ಲಿ ಬರೆಯುವವರಿಗೆ ಈ ಒತ್ತಡವಿಲ್ಲ. ಆದರೆ ಡ್ರಾಫ್ಟ್ ಒಂದು ತಿಂಗಳಲ್ಲಿ ತಾನೇ ಅಳಿಸಿಹೋಗುತ್ತದೆ, ಹಾಗಾಗಿ ಬರೆಯುವ ಜಾಗ ಬೇರೆ ಇರಲಿ.

ಕೊನೆಗೆ, ಕಥೆ ತೆಗೆಯುವುದು. ಎಒ3ಯಲ್ಲಿ ಎರಡು ದಾರಿ, ಡಿಲೀಟ್ ಮತ್ತು ಆರ್ಫನ್. ಆರ್ಫನ್ ಮಾಡಿದರೆ ಕಥೆ ‘ಆರ್ಫನ್ ಅಕೌಂಟ್’ ಎಂಬ ಅನಾಥ ಖಾತೆಗೆ ಹೋಗುತ್ತದೆ, ನಿಮ್ಮ ಹೆಸರು ಮಾತ್ರ ಕಳಚುತ್ತದೆ. ಆಮೇಲೆ ನೀವೇ ಬಂದು ಕೇಳಿದರೂ ವಾಪಸ್ ಸಿಗುವುದಿಲ್ಲ. ನಿಮಗೆ ನಾಚಿಕೆಯಾಗಿದ್ದರೆ ಆರ್ಫನ್ ಸಾಕು. ಆದರೆ ಕಥೆಯಲ್ಲಿರುವ ವ್ಯಕ್ತಿ ಇಂಥದ್ದು ಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ಆರ್ಫನ್ ಬಟನ್ ಹತ್ತಿರ ಹೋಗಬೇಡಿ, ಡಿಲೀಟ್ ಮಾಡಿ. ಇಪಬ್, ಪಿಡಿಎಫ್ ಇಳಿಸಿಕೊಂಡವರ ಫೋನಿನಲ್ಲಿ ಅದು ಹೇಗೂ ಉಳಿದಿರುತ್ತದೆ.