ಆದೇಶವೋ, ವರ್ಜನೆಯೋ: ಹೇಳಿಕೆ ಲೆಕ್ಕಗಳಿಗೆ ಯಾವ ವಿಧಾನ?

ದಾವಣಗೆರೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಮನೆಪಾಠ ಹೇಳುವಾಗ, ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ಬಿಡಿಸುವ ಆದೇಶ ವಿಧಾನ (ಒಂದು ಚರಾಕ್ಷರವನ್ನು ಇನ್ನೊಂದರ ಮೂಲಕ ಬರೆದು ಅದರ ಜಾಗದಲ್ಲಿ ಇಡುವುದು), ವರ್ಜಿಸುವ ವಿಧಾನ (ಸಮೀಕರಣಗಳನ್ನು ಕೂಡಿಸಿ ಇಲ್ಲವೇ ಕಳೆದು ಒಂದು ಚರಾಕ್ಷರವನ್ನು ತೆಗೆದುಹಾಕುವುದು) ಮತ್ತು ನಕ್ಷಾ ವಿಧಾನ (ಎರಡು ರೇಖೆಗಳನ್ನು ಎಳೆದು ಅವು ಸೇರುವ ಬಿಂದುವನ್ನು ನೋಡುವುದು) ಇವುಗಳನ್ನು ಒಂದೇ ಬಗೆಯ ಲೆಕ್ಕಗಳ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ಮೂರರಲ್ಲೂ ಬರುವ ಉತ್ತರ ಒಂದೇ ಆದರೂ ಮಕ್ಕಳು ಎಡವುವ ಜಾಗಗಳು ಬೇರೆ ಬೇರೆ. ಯಾವುದನ್ನು ಹಿಡಿಯಬೇಕೆಂಬ ಸುಳಿವು ಲೆಕ್ಕದ ಹೇಳಿಕೆಯಲ್ಲಿಯೇ ಇರುತ್ತದೆ.

ಎಪಿಎಂಸಿಯ ತೂಕದ ಲೆಕ್ಕವೊಂದನ್ನು ನೋಡೋಣ. ಐದು ಚೀಲ ಮೆಕ್ಕೆಜೋಳ ಮತ್ತು ನಾಲ್ಕು ಚೀಲ ಶೇಂಗಾ ಸೇರಿ 440 ಕೆ.ಜಿ., ಮೂರು ಚೀಲ ಮೆಕ್ಕೆಜೋಳ ಮತ್ತು ಏಳು ಚೀಲ ಶೇಂಗಾ ಸೇರಿ 425 ಕೆ.ಜಿ. ತೂಗುತ್ತವೆ ಎಂದರೆ, ಒಂದು ಚೀಲ ಮೆಕ್ಕೆಜೋಳದ ತೂಕ ಮ, ಶೇಂಗಾದ್ದು ಶ ಎಂದಿಟ್ಟುಕೊಂಡು 5ಮ + 4ಶ = 440 ಮತ್ತು 3ಮ + 7ಶ = 425 ಎಂಬ ಸಮೀಕರಣಗಳು ಸಿಗುತ್ತವೆ. ಆದೇಶ ವಿಧಾನದಲ್ಲಿ ಮ = (440 − 4ಶ)/5 ಎಂದು ಬರೆದು ಎರಡನೆಯದರಲ್ಲಿ ಆದೇಶಿಸಿದಾಗ ಭಿನ್ನರಾಶಿ ಹುಟ್ಟುತ್ತದೆ; ಅದನ್ನು ನಿವಾರಿಸಲು 5ರಿಂದ ಗುಣಿಸುವಾಗ ಬಹಳಷ್ಟು ಮಕ್ಕಳು 7ಶ ಎಂಬ ಪದವನ್ನು ಗುಣಿಸದೆ ಬಿಡುತ್ತಾರೆ. ವರ್ಜಿಸುವ ವಿಧಾನದಲ್ಲಿ ಮೊದಲನೆಯದನ್ನು 3ರಿಂದಲೂ ಎರಡನೆಯದನ್ನು 5ರಿಂದಲೂ ಗುಣಿಸಿ ಕಳೆದರೆ 23ಶ = 805, ಅಂದರೆ ಶ = 35, ಮ = 60. ಇಲ್ಲಿನ ಅಪಾಯ ಚಿಹ್ನೆಯದು. ಮೇಲಿನದರಿಂದ ಕೆಳಗಿನದನ್ನೇ ಕಳೆಯಬೇಕೆಂಬ ಹಟ ಬಿಟ್ಟು, ಶ ಪದ ದೊಡ್ಡದಿರುವ ಸಮೀಕರಣದಿಂದ ಚಿಕ್ಕದಿರುವುದನ್ನು ಕಳೆದರೆ ಆ ಅಪಾಯವೂ ಬಹುಮಟ್ಟಿಗೆ ತಪ್ಪುತ್ತದೆ. ಎರಡು ಮೊತ್ತಗಳನ್ನು ಕೊಟ್ಟ ಲೆಕ್ಕಗಳಿಗೆ ನನ್ನ ಆಯ್ಕೆ ನಿಸ್ಸಂಶಯವಾಗಿ ಇದೇ.

ಎರಡು ಬೆಣ್ಣೆ ದೋಸೆ ಮತ್ತು ಮೂರು ತಟ್ಟೆ ಮಂಡಕ್ಕಿಗೆ 190 ರೂಪಾಯಿ, ಮೂರು ದೋಸೆ ಮತ್ತು ಎರಡು ತಟ್ಟೆಗೆ 210 ರೂಪಾಯಿ ಎಂಬಂಥ ಲೆಕ್ಕದಲ್ಲಿ ಗುಣಾಕಾರವೂ ಬೇಡ: ಕೂಡಿಸಿ 5ರಿಂದ ಭಾಗಿಸಿದರೆ ಎರಡರ ಬೆಲೆಗಳ ಮೊತ್ತ 80, ಕಳೆದರೆ ವ್ಯತ್ಯಾಸ 20, ಆದ್ದರಿಂದ ದೋಸೆಗೆ 50, ಮಂಡಕ್ಕಿಗೆ 30.

ತಂದೆಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು, 12 ವರ್ಷಗಳ ನಂತರ ಎರಡರಷ್ಟು ಎಂಬ ಲೆಕ್ಕದಲ್ಲಿ ಮಾತ್ರ ಆದೇಶ ವಿಧಾನವೇ ಸಲೀಸು. ಒಂದು ಚರಾಕ್ಷರವನ್ನು ಇನ್ನೊಂದರ ಮೂಲಕ ಹೇಳಿಕೆಯೇ ಕೊಟ್ಟಿರುವುದರಿಂದ ಮಗಳ ವಯಸ್ಸು ಗ ಎಂದಿಟ್ಟುಕೊಂಡು 3ಗ + 12 = 2(ಗ + 12) ಎಂದು ನೇರವಾಗಿ ಬರೆದು, ಮಗಳಿಗೆ 12, ತಂದೆಗೆ 36 ಎಂದು ಹೇಳಬಹುದು. ಇಲ್ಲಿ ವರ್ಜಿಸಲು ಹೊರಟರೆ ಪದಗಳನ್ನು ಮತ್ತೆ ಜೋಡಿಸುವ ಕೆಲಸ ಸುಮ್ಮನೆ ಹೆಚ್ಚುತ್ತದೆ.

ಸಮೀಕರಣಗಳ ಸಹಗುಣಕಗಳನ್ನು ಓರೆಯಾಗಿ ಗುಣಿಸಿ ಸೂತ್ರದಿಂದ ಉತ್ತರ ಪಡೆಯುವ ಓರೆ ಗುಣಾಕಾರವನ್ನು ನಾನು ಕಲಿಸುವುದಿಲ್ಲ. ಸೂತ್ರ ಮರೆತವರಿಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ನಕ್ಷಾ ವಿಧಾನದಲ್ಲಿ ಚೀಲದ ಲೆಕ್ಕ ಬಿಡಿಸುವುದು ತ್ರಾಸದಾಯಕ, ಏಕೆಂದರೆ ಎರಡನೆಯ ರೇಖೆ ಅಕ್ಷಗಳನ್ನು ಸುಮಾರು 141.7 ಮತ್ತು 60.7ರಲ್ಲಿ ಛೇದಿಸುತ್ತದೆ, ಪೆನ್ಸಿಲಿನ ಮೊನೆ ಅಷ್ಟು ನಿಖರವಾಗಿ ಎಲ್ಲಿ ಕೂರುತ್ತದೆ? ಆದರೆ ಎರಡು ದೋಸೆ, ಮೂರು ತಟ್ಟೆ ಮಂಡಕ್ಕಿಗೆ 190 ಎಂದ ಅಂಗಡಿಯವನು ನಾಲ್ಕು ದೋಸೆ, ಆರು ತಟ್ಟೆಗೆ 400 ಎಂದರೆ, ವರ್ಜನೆ 0 = 20 ಎಂಬಲ್ಲಿಗೆ ಬಂದು ನಿಲ್ಲುತ್ತದೆ ಮತ್ತು ಮಕ್ಕಳು ತಾವು ತಪ್ಪು ಮಾಡಿದೆವೆಂದು ಅಳಿಸತೊಡಗುತ್ತಾರೆ. ಒಂದನ್ನೊಂದು ಸೇರದ ಎರಡು ಸಮಾಂತರ ರೇಖೆಗಳನ್ನು ಎಳೆದು ತೋರಿಸಿದರೆ ಪರಿಹಾರವೇ ಇಲ್ಲವೆಂಬುದು ಅವರಿಗೆ ಒಡನೆಯೇ ತಿಳಿಯುತ್ತದೆ. ಇಂಥ ಲೆಕ್ಕಗಳಿಗೆ ಮಾತ್ರ ನಾನು ನಕ್ಷಾ ಹಾಳೆ ತೆಗೆಸುತ್ತೇನೆ.