ಒಂದೇ ಕ್ಯಾಲೆಂಡರ್, ಮೂರು ಭಾಷೆ: ಸಿ, ಪೈಥಾನ್, ಜಾವಾಸ್ಕ್ರಿಪ್ಟ್

ಅಕ್ಕನ ಮಗಳು ಬಿಸಿಎ ಮೊದಲ ಸೆಮಿಸ್ಟರ್. "ವರ್ಷ, ತಿಂಗಳು ಕೊಟ್ರೆ ಕ್ಯಾಲೆಂಡರ್ ಪ್ರಿಂಟ್ ಆಗ್ಬೇಕಂತೆ ಚಿಕ್ಕಮ್ಮಾ, ಸಿ ಲ್ಯಾಬ್‌ಗೆ" ಅಂತ ಲ್ಯಾಪ್‌ಟಾಪ್ ಹಿಡಿದು ಬಂದಳು. ಸುಮ್ನೆ ಸಹಾಯಕ್ಕೆ ಕೂತವಳು ನಾನು, ಕೊನೆಗೆ ಅದೇ ಪ್ರೋಗ್ರಾಂ ಅನ್ನು ಸಿ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರರಲ್ಲೂ ಬರೆದು ನೋಡಿದೆ.

ಪರೀಕ್ಷೆಗೆ ಇಟ್ಟುಕೊಂಡದ್ದು 2026ರ ಎರಡು ತಿಂಗಳು. ಫೆಬ್ರವರಿ ಭಾನುವಾರ ಶುರುವಾಗಿ ಶನಿವಾರ ಮುಗಿಯುತ್ತದೆ, ಸರಿಯಾಗಿ ನಾಲ್ಕೇ ಸಾಲು. ಆಗಸ್ಟ್ ಶನಿವಾರ ಶುರು, 31 ದಿನ, ಆರು ಸಾಲು ಬೇಕು. ಗೋಡೆ ಕ್ಯಾಲೆಂಡರಿನವರು ಜಾಗ ಸಾಲದೆ 23 ಮತ್ತು 30ನ್ನು ಒಂದೇ ಮನೆಯಲ್ಲಿ ತುರುಕುವುದು ಇಂಥ ತಿಂಗಳಲ್ಲೇ.

ಮೊದಲು ಸಿ. ತಾರೀಕಿನ ಲೆಕ್ಕಕ್ಕೆ ಮೊದಲೇ ಬರೆದಿಟ್ಟ ಟೈಮ್ ಲೈಬ್ರರಿ ಇದೆ, ಆದರೆ ಲ್ಯಾಬಿನಲ್ಲಿ ಅದನ್ನು ಮುಟ್ಟುವ ಹಾಗಿಲ್ಲವಂತೆ. ಹಾಗಾಗಿ ತಿಂಗಳ ಮೊದಲ ದಿನ ಯಾವ ವಾರ ಅಂತ ನಾವೇ ಲೆಕ್ಕ ಹಾಕಬೇಕು. ಅವಳು ಹಿಡಿದ ದಾರಿ ಸರಳವಾಗಿತ್ತು. 1900ರ ಜನವರಿ 1 ಸೋಮವಾರ. ಅಲ್ಲಿಂದ ಎಷ್ಟು ದಿನ ಕಳೆದಿದೆ ಎಣಿಸು, 7ರಿಂದ ಭಾಗಿಸು, ಶೇಷ ನೋಡು. ಶೇಷ ಸೊನ್ನೆಯಾದರೆ ಸೋಮವಾರ. ಅಷ್ಟೇ.

ರನ್ ಮಾಡಿದರೆ ಆಗಸ್ಟ್ ಭಾನುವಾರ ಶುರುವಾಯಿತು! ಗೋಡೆ ನೋಡಿದರೆ ಶನಿವಾರ. ಫೆಬ್ರವರಿಯೂ ಒಂದು ದಿನ ಮುಂದಕ್ಕೆ. ಒಂದು ಗಂಟೆ ಫಾರ್ ಲೂಪ್ ಮೇಲೇ, ಅಂದರೆ ಒಂದೊಂದೇ ವರ್ಷ, ತಿಂಗಳು ಎಣಿಸುತ್ತಾ ಸುತ್ತುವ ಭಾಗದ ಮೇಲೇ, ಅನುಮಾನಪಟ್ಟೆವು. ಸೊನ್ನೆಯಿಂದ ಶುರುವಾಗಬೇಕಿತ್ತಾ, ಒಂದರಿಂದಾ ಅಂತ. ಲೂಪ್ ಸರಿಯಾಗೇ ಇತ್ತು. ತಪ್ಪಿದ್ದದ್ದು ಅಧಿಕ ವರ್ಷದಲ್ಲಿ. 4ರಿಂದ ಭಾಗವಾದರೆ ಅಧಿಕ ವರ್ಷ ಅಂತಷ್ಟೇ ಬರೆದಿದ್ದಳು. 100ರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾಗಬೇಕು ಅನ್ನುವುದು ಬಿಟ್ಟುಹೋಗಿತ್ತು. 2000 ಅಧಿಕ ವರ್ಷ, 1900 ಅಲ್ಲ. ಇಲ್ಲದ ಒಂದು ಫೆಬ್ರವರಿ 29 ಸೇರಿಕೊಂಡು ಮುಂದಿನದೆಲ್ಲ ಒಂದು ದಿನ ಜರುಗಿತ್ತು. ತಮಾಷೆ ಅಂದ್ರೆ, ಅವಳು 1901ರಿಂದ ಎಣಿಸಿದ್ದರೆ 2100ರ ತನಕ ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವಳಿಗೆ ಬೇಜಾರಾಗದಿರಲಿ ಅಂತ ಎಕ್ಸೆಲ್ ತೆಗೆದು ತೋರಿಸಿದೆ. ಅದರಲ್ಲಿ 1900ರ ಫೆಬ್ರವರಿ 29 ಇವತ್ತಿಗೂ ಇದೆ.

ಸಿಗೆ ಎರಡು ಸಂಜೆ ಹೋಯಿತು. ಆದರೆ ಆ ಒಂದು ಗಂಟೆಯಲ್ಲಿ ಅವಳು ಕಲಿತದ್ದು ಮಿಕ್ಕ ಎರಡು ಭಾಷೆಯಲ್ಲಿ ಸಿಗುತ್ತಿರಲಿಲ್ಲ.

ಯಾಕೆಂದರೆ ಪೈಥಾನ್‌ನಲ್ಲಿ ಕ್ಯಾಲೆಂಡರ್ ಅನ್ನುವ ಮಾಡ್ಯೂಲೇ (ಮೊದಲೇ ಬರೆದಿಟ್ಟ ಕೋಡ್) ಇದೆ. ಇಂಪೋರ್ಟ್ ಮಾಡಿ ವರ್ಷ, ತಿಂಗಳು ಕೊಟ್ಟರೆ ಮುಗಿಯಿತು, ಎರಡೇ ಸಾಲು. ಒಂದೇ ಕಿರಿಕಿರಿ, ವಾರ ಸೋಮವಾರ ಶುರುವಾಗುತ್ತದೆ. ವಾರದ ಮೊದಲ ದಿನ 6 ಅಂತ ಹೇಳಿದರೆ ಭಾನುವಾರಕ್ಕೆ ಬರುತ್ತದೆ. ಇಲ್ಲಿ ಸೊನ್ನೆ ಅಂದರೆ ಸೋಮವಾರ. ಸಿ ಮತ್ತು ಜಾವಾಸ್ಕ್ರಿಪ್ಟ್‌ನ ಡೇಟ್ ಸವಲತ್ತುಗಳಲ್ಲಿ ಸೊನ್ನೆ ಅಂದರೆ ಭಾನುವಾರ. "ಇಷ್ಟೇನಾ?" ಅಂದಳು. ಇಷ್ಟೇ, ಅದೇ ತೊಂದರೆ. ರೆಡಿಮೇಡ್ ಹಿಟ್ಟಲ್ಲಿ ದೋಸೆ ಹುಯ್ದು ಅಡುಗೆ ಬರುತ್ತೆ ಅಂದ ಹಾಗೆ.

ಆ ಮಾಡ್ಯೂಲ್ ಬಿಟ್ಟು, ಸಿಯ ಲೆಕ್ಕವನ್ನೇ ಪೈಥಾನ್‌ನಲ್ಲಿ ಬರೆಸಿದೆ. ಮುಕ್ಕಾಲು ಗಂಟೆ. ಸಿಯ ಹಾಗೆ ಸಾಲಿನ ಕೊನೆಗೆ ಸೆಮಿಕೋಲನ್ ಹಾಕುವ ಜಗಳ ಇಲ್ಲ. ಬರೆದದ್ದು ಸರಿಯೇ ಅಂತ ನೋಡಲು ಅದೇ ಮಾಡ್ಯೂಲ್ ಉತ್ತರ ಪತ್ರಿಕೆಯಾಯಿತು. 1900ರಿಂದ 2100ರ ತನಕ ಎಲ್ಲ ತಿಂಗಳನ್ನೂ ಲೂಪ್ ಹಾಕಿ ತಾಳೆ ನೋಡಿದೆವು. ಮೊದಲ ಸಲ ಕೋಡ್ ಬರೆಯುವವರಿಗೆ ನನ್ನ ಓಟು ಈ ದಾರಿಗೇ.

ಜಾವಾಸ್ಕ್ರಿಪ್ಟ್ ಕಣ್ಣಿಗೆ ಚೆಂದ. ಬಟನ್ ಒತ್ತಿದರೆ ಮುಂದಿನ ತಿಂಗಳು, ರಜೆಗೆ ಕೆಂಪು ಬಣ್ಣ. ಫೋನಿನಲ್ಲಿ ಅಜ್ಜಿಗೂ ತೋರಿಸಬಹುದು. ಆದರೆ ತಿಂಗಳು ಸೊನ್ನೆಯಿಂದ ಶುರು. 8 ಕೊಟ್ಟರೆ ಸೆಪ್ಟೆಂಬರ್. ಒಂದು ಉಪಾಯ ಮಾತ್ರ ನನಗೆ ತುಂಬಾ ಇಷ್ಟ: ಮುಂದಿನ ತಿಂಗಳ ಸೊನ್ನೆಯನೇ ತಾರೀಕು ಕೇಳಿದರೆ ಈ ತಿಂಗಳ ಕೊನೆಯ ದಿನ ಸಿಗುತ್ತದೆ. ಅಧಿಕ ವರ್ಷದ ಚಿಂತೆಯೇ ಇಲ್ಲ.

ಇಲ್ಲಿ ಎಡವಿದ್ದು ನಾನು. ಆಗಸ್ಟ್ 15ಕ್ಕೆ ಕೆಂಪು ಹಚ್ಚಲು ಹೋದರೆ ಸ್ವಾತಂತ್ರ್ಯ ದಿನ 16ಕ್ಕೆ ಹೋಗಿ ಕೂತಿತು! ಪ್ರತಿ ಮನೆಯ ತಾರೀಕನ್ನೂ ಐಎಸ್‌ಒ ಸ್ಟ್ರಿಂಗ್ (2026-08-15 ಥರ ವರ್ಷ-ತಿಂಗಳು-ದಿನದ ಬರಹ) ಮಾಡಿಸಿ ರಜೆ ಪಟ್ಟಿಯ ಜೊತೆ ಹೋಲಿಸಿದ್ದೆ. ಆ ಸ್ಟ್ರಿಂಗ್ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯದಲ್ಲಿ ಬರುತ್ತದೆ. ನಮ್ಮ ಮಧ್ಯರಾತ್ರಿ ಅಂದರೆ ಯುಟಿಸಿಯಲ್ಲಿ ಹಿಂದಿನ ದಿನ ಸಂಜೆ ಆರೂವರೆ. ಹಾಗಾಗಿ 16ರ ಮನೆ ತನ್ನನ್ನು 15 ಅಂತ ಹೇಳಿಕೊಂಡಿತ್ತು. ವರ್ಷ, ತಿಂಗಳು, ದಿನ ಬೇರೆ ಬೇರೆ ತೆಗೆದು ನಾವೇ ಜೋಡಿಸಿದ ಮೇಲೆ ಸರಿಹೋಯಿತು.

ಕನ್ನಡದಲ್ಲಿ ತೋರಿಸಬೇಕು ಅಂದರೆ ಆಟವೇ ಬೇರೆ. ತಲೆಸಾಲಿಗೆ ಭಾ, ಸೋ, ಮಂ ಅಂತ ಹಾಕಿದೆವು. ಸಿಯಲ್ಲಿ ಪರದೆಗೆ ಬರೆಯುವ ಪ್ರಿಂಟ್‌ಎಫ್ ಅಗಲವನ್ನು ಅಕ್ಷರದಲ್ಲಲ್ಲ, ಬೈಟ್‌ನಲ್ಲಿ ಎಣಿಸುತ್ತದೆ. ಕಂಪ್ಯೂಟರ್ ಅಕ್ಷರ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ 'ಭಾ' 6 ಬೈಟ್, 'ಶ' 3 ಬೈಟ್. ಸಾಲು ಸೊಟ್ಟ. ಪೈಥಾನ್ ಭ ಮತ್ತು ದೀರ್ಘವನ್ನು ಬೇರೆ ಬೇರೆ ಎಣಿಸಿ 'ಭಾ' ಎರಡು ಅನ್ನುತ್ತದೆ, 'ಶ' ಒಂದು. ಅದೂ ಸೊಟ್ಟ, ಸ್ವಲ್ಪ ಕಡಿಮೆ. ಬ್ರೌಸರ್‌ನಲ್ಲಿ ಟೇಬಲ್ ಹಾಕಿದ್ದರಿಂದ ಈ ಗೋಳೇ ಇಲ್ಲ. ತಿಂಗಳ ಹೆಸರನ್ನೂ ಬ್ರೌಸರೇ ಕನ್ನಡದಲ್ಲಿ ಕೊಟ್ಟಿತು. ಕನ್ನಡ ಓದುವವರಿಗಾಗಿ ಮಾಡುವುದಾದರೆ ಜಾವಾಸ್ಕ್ರಿಪ್ಟೇ ವಾಸಿ.

ಕೊನೆಗೆ ತುಂಟತನಕ್ಕೆ ವರ್ಷವನ್ನು ಕನ್ನಡ ಅಂಕಿಯಲ್ಲೇ ೨೦೨೬ ಅಂತ ಟೈಪ್ ಮಾಡಿದಳು. ಸಿ ವರ್ಷದ ಜಾಗದಲ್ಲಿ ಏನೋ ಕಸದ ಸಂಖ್ಯೆ ಇಟ್ಟುಕೊಂಡು ತಲೆಕೆಟ್ಟಂತೆ ಆಡಿತು. ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯೇ ಅಲ್ಲ ಅಂತು. ಪೈಥಾನ್ ಮಾತ್ರ ಗೊಣಗದೆ ಅದನ್ನು 2026 ಅಂತ ಓದಿಕೊಂಡು ಆಗಸ್ಟ್ ತೋರಿಸಿತು. ಲ್ಯಾಬಿಗೆ ಕೊಟ್ಟದ್ದು ಸಿಯದೇ, ಇಂಗ್ಲಿಷ್ ತಲೆಸಾಲಿನ ಜೊತೆ.